ಆಪ್ತಸಲಹೆ ಪ್ರಕರಣ: 26ಕ್ಕೇ ಆಟ ಬಿಡ್ತೀನಿ ಅಂದ ಡಿಫೆಂಡರ್

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದಿದ್ದು.)

ಮೊದಲು ಫೋನ್ ಮಾಡಿದ್ದು ಅವರ ಅಕ್ಕ. "ತಮ್ಮನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ, ಫುಟ್‌ಬಾಲ್ ಬಿಡ್ತಾನಂತೆ." ಬುದ್ಧಿ ಹೇಳೋದು ನನ್ನ ಕೆಲಸ ಅಲ್ಲ, ಅವರು ತಾವಾಗಿ ಬಂದರೆ ಮಾತಾಡ್ತೀನಿ ಅಂದೆ. ಬಂದರು. ಬೆಂಗಳೂರಿನ ಹುಡುಗ, ವಯಸ್ಸು 26, ಹೊರರಾಜ್ಯದ ಕ್ಲಬ್ಬೊಂದರಲ್ಲಿ ಡಿಫೆಂಡರ್. ಕಾಂಟ್ರಾಕ್ಟ್ ಮುಗಿಯಲು ಕೆಲವೇ ತಿಂಗಳಿತ್ತು. ಇನ್ನೊಂದು ವರ್ಷಕ್ಕೆ ಕ್ಲಬ್ ಕೇಳಿತ್ತು. ಇವರು ಸಹಿ ಹಾಕಲು ತಯಾರಿರಲಿಲ್ಲ.

ಇಂಥವರು ಬಂದಾಗ ನಾನು ಮೊದಲಿಗೆ ಆಟದ ವಿಷಯ ಎತ್ತುವುದಿಲ್ಲ. ನಿದ್ದೆ, ಊಟ, ಸಿಟ್ಟು, ಕುಡಿತ ಕೇಳುತ್ತೇನೆ. ಬದುಕೇ ಬೇಡ ಅನಿಸಿದ್ದುಂಟಾ ಅಂತಲೂ ನೇರವಾಗಿ ಕೇಳುತ್ತೇನೆ. ಖಿನ್ನತೆ ಇದ್ದಾಗ ಎಲ್ಲವನ್ನೂ ಬಿಟ್ಟುಬಿಡೋಣ ಅನಿಸುತ್ತೆ, ಅದು ಯೋಚಿಸಿ ತಗೊಂಡ ತೀರ್ಮಾನದ ಹಾಗೇ ಕಾಣುತ್ತೆ. ಇವರಿಗೆ ಮ್ಯಾಚ್ ಹಿಂದಿನ ರಾತ್ರಿ ಮಾತ್ರ ನಿದ್ದೆ ಬರುತ್ತಿರಲಿಲ್ಲ. ಆದರೂ ಒಮ್ಮೆ ಮನೋವೈದ್ಯರಿಗೆ ತೋರಿಸಿಕೊಂಡು ಬನ್ನಿ ಅಂದೆ. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಕೊಟ್ಟೆ.

ಆಮೇಲೆ ಮಂಡಿಯ ಕಥೆ ಬಂತು. ಬಲ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನೋ ಪಟ್ಟಿ ಹರಿದು ಆಪರೇಷನ್ ಆಗಿತ್ತು. ಸಾಮಾನ್ಯವಾಗಿ ತೊಡೆಯ ಹಿಂದಿನ ಸ್ನಾಯುವಿನಿಂದ ನಾರು ತೆಗೆದು ಹರಿದ ಜಾಗಕ್ಕೆ ಕೂರಿಸುತ್ತಾರೆ. ಮೈದಾನಕ್ಕೆ ಮರಳಲು ಕಮ್ಮಿ ಅಂದರೂ ಒಂಬತ್ತು ತಿಂಗಳು ಬೇಕು. ಇವರು ಮರಳಿದರು. ಮುಂದಿನ ಸೀಸನ್ನಿನಲ್ಲೇ ಅದೇ ಮಂಡಿಯ ಮೆನಿಸ್ಕಸ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಹೋಯಿತು. ಮತ್ತೆ ಆಪರೇಷನ್, ಮತ್ತೆ ಫಿಸಿಯೊ. ಈಗ ಮ್ಯಾಚ್ ದಿನ ಬೆಳಗ್ಗೆ ಹೋಟೆಲಿನ ಮೆಟ್ಟಿಲನ್ನು ರೇಲಿಂಗ್ ಹಿಡಿದು, ಹಿಮ್ಮುಖವಾಗಿ ಇಳಿಯುತ್ತಾರಂತೆ, ಜೊತೆಯವರು ಎದ್ದು ಬರೋದಕ್ಕೆ ಮುಂಚೆ. ಒಂದು ಮಾತ್ರೆ ತಿಂಡಿಗೆ ಮೊದಲು, ಇನ್ನೊಂದು ಬಸ್ಸಿನಲ್ಲಿ. (ಈ ಮಾತ್ರೆ ವಿಷಯ ಟೀಮ್ ಡಾಕ್ಟರಿಗೆ ಪೂರ್ತಿ ಗೊತ್ತಿರಲಿಲ್ಲ. ಅವತ್ತೇ ಹೇಳಿ ಅಂದೆ.)

"ಟೀಮ್ ಲಿಸ್ಟಲ್ಲಿ ನನ್ನ ಹೆಸರು ಇಲ್ಲದಿದ್ರೆ ಖುಷಿ ಆಗುತ್ತೆ ಮೇಡಂ. ಆಮೇಲೆ ನಾಚಿಕೆ ಆಗುತ್ತೆ" ಅಂದರು. ಈ ಮಾತನ್ನು ಅವರು ಅಲ್ಲಿವರೆಗೆ ಯಾರ ಹತ್ತಿರವೂ ಆಡಿರಲಿಲ್ಲ.

ಅಷ್ಟಕ್ಕೇ ಸರಿ ಬಿಡಿ ಅಂತ ನಾನು ಹೇಳಲಿಲ್ಲ. ಸಮಯ ಹಾಗಿತ್ತು. 2025ರ ಜುಲೈನಲ್ಲಿ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್ ಸೀಸನ್ ನಡೆಯುವುದೇ ಅನುಮಾನ ಅಂತಾಗಿ, ಆಗಸ್ಟ್ ಹೊತ್ತಿಗೆ ಕೆಲವು ಕ್ಲಬ್ಬುಗಳು ಸಂಬಳವನ್ನೇ ನಿಲ್ಲಿಸಿದ್ದವು. ದೇಶದ ಎಷ್ಟೋ ಆಟಗಾರರ ತಲೆಯಲ್ಲಿ ಆಗ ಬಿಡುವ ಯೋಚನೆ ಸುಳಿದಿರಬಹುದು. ಹಾಗಾಗಿ ಇವರಿಗೆ ಬೇಡವಾಗಿದ್ದು ಆಟವಾ, ನೋವಾ, ಅಥವಾ ನಾಳೆ ಏನು ಅನ್ನೋ ಭಯವಾ ಅಂತ ಬಿಡಿಸಿ ನೋಡಬೇಕಿತ್ತು. ಒಂದು ಪ್ರಶ್ನೆ ಕೇಳಿದೆ. ನಾಳೆ ಬೆಳಗ್ಗೆ ಮಂಡಿ ಪೂರ್ತಿ ಸರಿಹೋಗಿದೆ, ಮೂರು ವರ್ಷದ ಕಾಂಟ್ರಾಕ್ಟೂ ಕೈಯಲ್ಲಿದೆ ಅಂತ ಇಟ್ಕೊಳ್ಳಿ. ಆಡೋಕೆ ಹೋಗ್ತೀರಾ?

ತುಂಬ ಹೊತ್ತು ಸುಮ್ಮನಿದ್ದು, "ಮತ್ತೆ ಯಾವತ್ತು ಹೋಗುತ್ತೋ ಅಂತ ಕಾಯ್ತಾ ಆಡ್ಬೇಕಲ್ವಾ?" ಅಂದರು.

ಅವರೇ ಫುಟ್‌ಬಾಲ್ ಆಟಗಾರ ಆಂದ್ರೆ ಶುರ್ಲೆ ಅವರ ಹೆಸರು ತೆಗೆದರು. 2014ರ ವಿಶ್ವಕಪ್ ಫೈನಲ್‌ನಲ್ಲಿ ಗೋಟ್ಸೆ ಹೊಡೆದ ಗೋಲಿಗೆ ಎಡಗಡೆಯಿಂದ ಚೆಂಡು ಕೊಟ್ಟ ಜರ್ಮನ್. 2020ರಲ್ಲಿ 29ಕ್ಕೇ ಆಟ ಬಿಟ್ಟರು. ಅವರು ಮುಖ್ಯವಾಗಿ ಹೇಳಿಕೊಂಡಿದ್ದು ಗಾಯದ ವಿಷಯ ಅಲ್ಲ, ಒಂಟಿತನದ ವಿಷಯ. ನಾನು ಆಂಡ್ರ್ಯೂ ಲಕ್ ಬಗ್ಗೆ ಹೇಳಿದೆ. ಅದು ಅಮೆರಿಕದ ಫುಟ್‌ಬಾಲ್, ಆಟವೇ ಬೇರೆ. ಆದರೆ ಗಾಯ, ನೋವು, ಚಿಕಿತ್ಸೆ, ಮತ್ತೆ ಗಾಯ ಅನ್ನೋ ಸುತ್ತು ಇವರದ್ದೇ. 2019ರ ಆಗಸ್ಟ್‌ನಲ್ಲಿ ಅವರೂ 29ಕ್ಕೇ ಬಿಟ್ಟರು. ಮ್ಯಾಚ್ ನಡೀತಿರುವಾಗಲೇ ಸುದ್ದಿ ಸೋರಿ, ಮೈದಾನದಿಂದ ಹೊರಗೆ ಹೋಗುವಾಗ ಸ್ವಂತ ತಂಡದ ಅಭಿಮಾನಿಗಳೇ ಹೀಯಾಳಿಸಿ ಕೂಗಿದರು. ಅದಕ್ಕೇ, ಯಾರಿಗೆ ಯಾವಾಗ ಹೇಳ್ತೀರಿ ಅನ್ನೋದನ್ನು ಮೊದಲೇ ಯೋಚಿಸಿ ಅಂದೆ.

ಮನೆಗೆ ಹೋಗಿ ಮಾಡಲು ಒಂದು ಕೆಲಸ ಕೊಟ್ಟೆ. ಪ್ರ್ಯಾಕ್ಟೀಸ್ ಆದ ಮೇಲೆ ದಿನಾ ಎರಡೇ ಸಾಲು ಬರೆಯಬೇಕು. ನೋವಿಲ್ಲದ ದಿನದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ. ನೋವಿದ್ದ ದಿನ ಯಾರಿಗಾದರೂ ಸಾಕು ಅನಿಸುತ್ತೆ, ಆವತ್ತಿನ ಮಾತಿನ ಮೇಲೆ ದೊಡ್ಡ ನಿರ್ಧಾರ ಬೇಡ. ಚೆನ್ನಾಗಿದ್ದ ದಿನವೂ ಬೇಡ ಅನಿಸಿದರೆ ಅದಕ್ಕೆ ತೂಕ ಜಾಸ್ತಿ. ತಂದ ಪುಸ್ತಕದಲ್ಲಿ ನೋವಿಲ್ಲದ ದಿನಗಳಲ್ಲೂ ಅದೇ ಮಾತಿತ್ತು. ಒಂದು ಭಾನುವಾರ ಮಾತ್ರ ಬೇರೆ. ಹಳೆ ಗೆಳೆಯರ ಜೊತೆ ಟರ್ಫ್‌ನಲ್ಲಿ ಗೋಲ್‌ಕೀಪರ್ ಆಗಿ ನಿಂತು, ಏಳು ಗೋಲು ಬಿಟ್ಟುಕೊಟ್ಟು, ಹೊಟ್ಟೆ ಹಿಡಿದು ನಕ್ಕಿದ್ದರಂತೆ. ಚೆಂಡಿನ ಮೇಲೆ ಪ್ರೀತಿ ಹೋಗಿಲ್ಲ ಅಂತ ಇಬ್ಬರಿಗೂ ಗೊತ್ತಾಯಿತು.

ನಿಜವಾದ ಕಷ್ಟ ಇದ್ದಿದ್ದು ಅಪ್ಪನ ಹತ್ತಿರ. ಅವರೂ ಆಟಗಾರರೇ. ಎಚ್‌ಎಎಲ್, ಐಟಿಐ, ಬಿಇಎಂಎಲ್ ಟೀಮುಗಳ ಮ್ಯಾಚಿಗೆ ಜನ ಸೇರುತ್ತಿದ್ದ ಕಾಲದವರು. ಫುಟ್‌ಬಾಲ್‌ನಿಂದಲೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಆಡೋದು ನಿಂತ ಮೇಲೂ ಅದೇ ಗೇಟು, ಅದೇ ಸಂಬಳ. ಆಟ ಬಿಡೋದು ಅಂದರೆ ಅವರಿಗೆ ಶಿಫ್ಟ್ ಬದಲಾದ ಹಾಗೆ. ಮಗನಿಗೆ ಹಾಗಲ್ಲ, ಆಟದ ಜೊತೆ ಸಂಬಳವೂ ನಿಲ್ಲುತ್ತೆ. ಮೇಲಾಗಿ, 20ರ ವಯಸ್ಸಿನಲ್ಲಿ ರೈಲ್ವೆ ಟ್ರಯಲ್ಸಿಗೆ ಹೋಗು ಅಂದಿದ್ದರು. ಮಗ ಕ್ಲಬ್ ಆರಿಸಿಕೊಂಡ. ರೈಲ್ವೆ ಕ್ರೀಡಾ ಕೋಟಾಕ್ಕೆ 25 ದಾಟಿರಬಾರದು, ಆ ಬಾಗಿಲೂ ಮುಚ್ಚಿತ್ತು. ಅಪ್ಪನ ಸಿಟ್ಟು ಇವತ್ತಿನದಲ್ಲ, ಆರು ವರ್ಷದ ಹಿಂದಿನದು.

ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. "ಛೆಟ್ರಿ ನಲವತ್ತರಲ್ಲೂ ಆಡಿದ್ರು ಕಣೋ" ಅಂದರು ಅಪ್ಪ. ಹೌದು, 2024ರ ಜೂನ್‌ನಲ್ಲಿ ದೇಶದ ಟೀಮಿಗೆ ವಿದಾಯ ಹೇಳಿ, 2025ರ ಮಾರ್ಚ್‌ನಲ್ಲಿ ಮತ್ತೆ ಬಂದು ಮಾಲ್ಡೀವ್ಸ್ ಮೇಲೆ ಗೋಲು ಹೊಡೆದರು. ಆದರೆ ಛೆಟ್ರಿ ಮಂಡಿ ಛೆಟ್ರಿದು. ಅಪ್ಪನಿಗೆ ಮೆಟ್ಟಿಲಿನ ವಿಷಯ ಗೊತ್ತೇ ಇರಲಿಲ್ಲ. ಮಗನ ಬಾಯಿಂದಲೇ ಹೇಳಿಸಿದೆ. ಆಮೇಲೆ ಅವರು ವಾದ ಮಾಡಲಿಲ್ಲ. ಒಪ್ಪಿದರು ಅಂತಲ್ಲ. "ಮನೆ ಲೋನ್ ಹೆಂಗೆ?" ಅಂತ ಕೇಳಿದರು. ಅದು ನ್ಯಾಯವಾದ ಪ್ರಶ್ನೆ.

ಕೊಟ್ಟ ಸಲಹೆ ಇಷ್ಟು. ಇರುವ ಕಾಂಟ್ರಾಕ್ಟ್ ಮುಗಿಸಿ, ಮಧ್ಯದಲ್ಲಿ ಎದ್ದು ಬರಬೇಡಿ. ಬರಲೇಬೇಕಾದರೆ ಎರಡೂ ಕಡೆ ಒಪ್ಪಿದ್ದು ಬರಹದಲ್ಲಿರಲಿ, ಬಾಕಿ ಹಣದ ಲೆಕ್ಕ ಅದರಲ್ಲೇ ಬರಲಿ. ಆಪರೇಷನ್ ಕಾಗದ, ಎಂಆರ್‌ಐ, ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಟೂರ್ನಿಯ ಸರ್ಟಿಫಿಕೇಟ್ ಎಲ್ಲ ಈಗಲೇ ಕೈಗೆ ತಗೊಳ್ಳಿ, ಬಿಟ್ಟ ಮೇಲೆ ಫೋನ್ ಎತ್ತುವವರು ಕಮ್ಮಿ. ಒಂದು ವರ್ಷದ ಇಎಂಐ ಬೇರೆ ಖಾತೆಗೆ ಹಾಕಿಡಿ. ಮೊದಲು ಮನೆಯವರಿಗೆ, ಆಮೇಲೆ ಕೋಚ್‌ಗೆ, ಕೊನೆಗೆ ಇನ್‌ಸ್ಟಾಗ್ರಾಮ್.

'ನಿವೃತ್ತಿ' ಅಂತ ಘೋಷಿಸಲೇಬೇಕಾ, ಸುಮ್ನೆ ಸಹಿ ಹಾಕದೆ ಇದ್ದರೆ ಸಾಲದಾ ಅಂತ ಕೇಳಿದ್ದೆ. ನನಗೆ ಇವತ್ತಿಗೂ ಅದೇ ಸರಿ ಅನಿಸುತ್ತೆ. ಅವರು ಒಪ್ಪಲಿಲ್ಲ. "ಹೇಳದಿದ್ರೆ ಏಜೆಂಟ್ ಪ್ರತಿ ತಿಂಗಳೂ ಫೋನ್ ಮಾಡ್ತಾನೆ, ನಾನು ಪ್ರತಿ ತಿಂಗಳೂ ಯೋಚಿಸ್ಬೇಕು" ಅಂದರು. ನಿರ್ಧಾರ ಅವರದ್ದು. ನಾಲ್ಕು ಸಾಲಿನ ಪೋಸ್ಟ್ ಹಾಕಿದರು.

ಈಗ ದೇಶದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್‌ನ ಡಿ ಲೈಸೆನ್ಸ್ ಅನ್ನೋ ಕೋಚಿಂಗ್ ಕೋರ್ಸಿಗೆ ಅರ್ಜಿ ಹಾಕಿದ್ದಾರೆ. ಕೋಚ್ ಆಗುವ ಆಸೆ ಇದೆಯೋ, ಬೇರೇನೂ ಗೊತ್ತಿಲ್ಲ ಅಂತಲೋ, ಅದನ್ನಿನ್ನೂ ಮಾತಾಡುತ್ತಿದ್ದೇವೆ. ಆಟ ಬಿಟ್ಟ ಮೇಲೆ ಮಂಡಿಯ ವ್ಯಾಯಾಮವನ್ನೂ ಬಿಟ್ಟಿದ್ದರು. ಈ ಮಂಡಿ ಇನ್ನೂ ನಲವತ್ತು ವರ್ಷ ನಡೀಬೇಕು ಅಂತ ಹೇಳಿ ಮತ್ತೆ ಫಿಸಿಯೊ ಹತ್ತಿರ ಕಳಿಸಿದ್ದೇನೆ.