ತಲಪಾಡಿಯ ಆಚೆ ಈಚೆ: ಮಗುವಿನ ಹೊಣೆ ಯಾರದು?

ಮಂಗಳೂರಿನ ಕಡೆ ಮಗುವೊಂದು ಆಪತ್ತಿನಲ್ಲಿದೆಯೆಂದು ತಿಳಿದರೆ ಯಾವ ಇಲಾಖೆ ಬರುತ್ತದೆ ಎಂದು ತಾವು ಕೇಳಿದ್ದೀರಿ. ಒಂದು ಇಲಾಖೆಯ ಹೆಸರು ಹೇಳಿ ಮುಗಿಸುವ ಉತ್ತರ ಇದಲ್ಲ. ಇಲ್ಲಿ ಮಕ್ಕಳ ರಕ್ಷಣೆಯೆಂದರೆ ಬಹುಮಟ್ಟಿಗೆ ಒಬ್ಬರು ಇನ್ನೊಬ್ಬರಿಗೆ ಮಗುವನ್ನೂ ಅದರ ಕಾಗದಪತ್ರಗಳನ್ನೂ ಸರಿಯಾಗಿ ಒಪ್ಪಿಸುವ ಕೆಲಸ. ನಮ್ಮದು ಗಡಿ ಜಿಲ್ಲೆಯಾದ್ದರಿಂದ ಹಾಗೆ ಒಪ್ಪಿಸಿಕೊಳ್ಳಬೇಕಾದವರು ಎಷ್ಟೋ ಸಲ ಕೇರಳದಲ್ಲಿರುತ್ತಾರೆ.

ಮೊದಲು ಗಮನಿಸುವವರು ಸಾಮಾನ್ಯವಾಗಿ ಅಧಿಕಾರಿಗಳಲ್ಲ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ತರಗತಿಯ ಟೀಚರ್, ಅದೇ ಮಕ್ಕಳನ್ನು ದಿನವೂ ಹತ್ತಿಸಿ ಇಳಿಸುವ ಸರ್ವಿಸ್ ಬಸ್ಸಿನ ಕಂಡಕ್ಟರ್, ಸೆಂಟ್ರಲ್ ರೈಲು ನಿಲ್ದಾಣದ ರೈಲ್ವೆ ಪೊಲೀಸರು ಇಂಥವರು ಗಮನಿಸುತ್ತಾರೆ. ಅವರು ಕರೆ ಮಾಡಬೇಕಾದುದು 1098ಕ್ಕೆ. ಮೊದಲು ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುತ್ತಿದ್ದ ಈ ಸಹಾಯವಾಣಿಯನ್ನು 2023ರಿಂದ ಸರ್ಕಾರವೇ ನಡೆಸುತ್ತಿದ್ದು, ಅದನ್ನು 112ರ ತುರ್ತು ಸೇವೆಯೊಂದಿಗೆ ಜೋಡಿಸಲಾಗಿದೆ. ಲೈಂಗಿಕ ದೌರ್ಜನ್ಯದ ವಿಷಯವಾದರಂತೂ ತಿಳಿದವರು ಸುಮ್ಮನಿರುವುದೇ ಅಪರಾಧ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವರದಿ ಮಾಡದವರಿಗೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಶಾಲೆಯ ಮರ್ಯಾದೆ, ಮನೆತನದ ಮರ್ಯಾದೆ ಎಂದು ಹಿರಿಯರ ಸಮ್ಮುಖದಲ್ಲಿ ಮಾತುಕತೆ ಮುಗಿಸುವ ಪದ್ಧತಿ ನಮ್ಮಲ್ಲಿ ಇಂದಿಗೂ ಪೂರ್ತಿ ಹೋಗಿಲ್ಲ. ಕಾನೂನು ಹೀಗೆ ಬಿಗಿಯಾಗಿರುವುದು ನ್ಯಾಯವೇ ಎಂದು ನನ್ನ ಅಭಿಪ್ರಾಯ.

ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೊಬ್ಬರು ಇರಬೇಕು. ಅವರು ಸಮವಸ್ತ್ರವಿಲ್ಲದೆ ಮಗುವಿನೊಂದಿಗೆ ಮಾತಾಡಬೇಕು. ಉಳ್ಳಾಲ, ಸುರತ್ಕಲ್ ಠಾಣೆಗಳು ಮಂಗಳೂರಿನ ಪೊಲೀಸ್ ಕಮಿಷನರ್ ಅವರ ಕೈಕೆಳಗಿದ್ದರೆ, ಬಂಟ್ವಾಳ, ಪುತ್ತೂರಿನ ಠಾಣೆಗಳು ಜಿಲ್ಲಾ ಎಸ್ಪಿಯವರ ಕೈಕೆಳಗಿವೆ. ಹೀಗೆ ಪೊಲೀಸ್ ವ್ಯವಸ್ಥೆ ಎರಡಾದರೂ ರಕ್ಷಣೆ ಬೇಕಾದ ಮಗು ಬರುವುದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆಯೇ. ಅಧ್ಯಕ್ಷರೊಬ್ಬರು ಮತ್ತು 4 ಸದಸ್ಯರ ಈ ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದ್ದು, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳೊಳಗೆ ಮಗುವನ್ನು ಅದರ ಮುಂದೆ ಹಾಜರುಪಡಿಸಬೇಕು. ಸಾಮಾಜಿಕ ತನಿಖೆಯ ವರದಿಗೆ 15 ದಿನ, ಅಂತಿಮ ಆದೇಶಕ್ಕೆ 4 ತಿಂಗಳು ಎಂದು 2015ರ ಬಾಲನ್ಯಾಯ ಕಾಯ್ದೆ ಗಡುವು ಹಾಕಿದೆ. ಮನೆಗೆ ಹೋಗಿ ವಿಚಾರಿಸುವುದು, ಬಾಲಮಂದಿರದ ಮೇಲೆ ಕಣ್ಣಿಡುವುದು, ಆಸ್ಪತ್ರೆ, ಶಾಲೆ, ಕಾನೂನು ಸೇವೆಗಳ ಪ್ರಾಧಿಕಾರಗಳ ನಡುವೆ ಓಡಾಡುವುದು ಮುಂತಾದ ಕಣ್ಣಿಗೆ ಬೀಳದ ಕೆಲಸವೆಲ್ಲ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಪಾಲಿನದು.

ಈಗ ಗಡಿಯ ಮಾತು. ಕೇರಳದ ಮಂಜೇಶ್ವರ, ಉಪ್ಪಳಗಳಿಂದ ದಿನವೂ ಗಡಿಯ ತಲಪಾಡಿ ದಾಟಿ ದೇರಳಕಟ್ಟೆ, ಮಂಗಳೂರಿಗೆ ಓದಲು ಬರುವ ಮಕ್ಕಳು ಬಹಳ. ಅವರಲ್ಲಿ ಒಬ್ಬಳಿಗೆ ಇಲ್ಲಿ ತೊಂದರೆಯಾದರೆ ಪ್ರಕರಣ ಉಳ್ಳಾಲದಲ್ಲಿ, ಮನೆ ಕಾಸರಗೋಡು ಜಿಲ್ಲೆಯಲ್ಲಿ. ವ್ಯಾಪ್ತಿ ತನ್ನದಲ್ಲವೆಂದು ಯಾವ ಠಾಣೆಯೂ ದೂರನ್ನು ನಿರಾಕರಿಸುವಂತಿಲ್ಲ; ಶೂನ್ಯ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. ಮಗುವನ್ನು ಊರಿಗೆ ಕಳುಹಿಸುವುದು ಹಿತವೆಂದು ವಿಚಾರಣೆಯಲ್ಲಿ ಕಂಡರೆ ಇಲ್ಲಿನ ಸಮಿತಿ ಕಾಸರಗೋಡಿನ ಸಮಿತಿಗೆ ಬರೆದು ಬೆಂಗಾವಲಿನೊಂದಿಗೆ ಕಳುಹಿಸುತ್ತದೆ. ಇಲ್ಲಿನ ಕಡತ ಕನ್ನಡದಲ್ಲಿ, ಅಲ್ಲಿಯದು ಹೆಚ್ಚಾಗಿ ಮಲಯಾಳದಲ್ಲಿ ಇರುವುದರಿಂದ, ದಾಟಿಸುವವರು ಎರಡನ್ನೂ ಬಲ್ಲವರಾದರೆ ಕೆಲಸ ಬೇಗ ಆಗುತ್ತದೆ. ಇಲ್ಲದಿದ್ದರೆ ಮಗುವಿಗೆ ಅದದೇ ಪ್ರಶ್ನೆಗಳು ಮತ್ತೊಮ್ಮೆ.

ಹೇಳಿಕೆ ಬರೆದುಕೊಳ್ಳುವಾಗಲೂ ತೊಡಕು ಇದೇ. ಮಗು ಬಯಸುವ ಸ್ಥಳದಲ್ಲಿ, ಸಾಧ್ಯವಾದಷ್ಟೂ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ, ಮಗುವಿನದೇ ಮಾತಿನಲ್ಲಿ ಅದನ್ನು ದಾಖಲಿಸಬೇಕು. ಆದರೆ ನಮ್ಮ ಠಾಣೆಗಳಲ್ಲಿ ಉತ್ತರ ಕರ್ನಾಟಕದಿಂದ ಬಂದ ಸಿಬ್ಬಂದಿ ಅನೇಕರಿದ್ದಾರೆ. ಮಗುವೋ ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಉತ್ತರಿಸುತ್ತದೆ. ಅರ್ಹ ದುಭಾಷಿಯನ್ನು ಕರೆಸಲು ಪೋಕ್ಸೋ ಕಾಯ್ದೆಯಲ್ಲೇ ಅವಕಾಶವಿದೆ. ಅವಸರದಲ್ಲಿ ನೆರೆಮನೆಯವರನ್ನೋ ಬಂಧುಗಳನ್ನೋ ನಡುವೆ ಕೂರಿಸಿದರೆ ಮಗು ಬಾಯಿ ಬಿಡುವುದಿಲ್ಲ, ಏಕೆಂದರೆ ಅದು ಹೆದರಿರುವುದು ಅವರಲ್ಲೇ ಒಬ್ಬರಿಗಾಗಿರಬಹುದು.

ಮಗುವನ್ನು ಬೇರೆ ಜಿಲ್ಲೆಗೆ ಒಪ್ಪಿಸುವ ತೊಡಕಿಗೆ ಉಡುಪಿಯ ಕಡೆ ಇನ್ನೊಂದು ರೂಪವಿದೆ. ಮಲ್ಪೆ ಬಂದರಿನಲ್ಲಿ ದುಡಿಯಲು ಕೊಪ್ಪಳ, ಬಾಗಲಕೋಟೆಗಳಿಂದ, ಒಡಿಶಾದಿಂದ ಜನ ಬರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಅವರಲ್ಲಿ ಹಲವರು ಊರಿಗೆ ಮರಳುತ್ತಾರೆ. ಸಮಿತಿಯ ಮುಂದಿರುವ ಮಗುವಿನ ಕುಟುಂಬವೂ ಹಾಗೆ ಹೋದರೆ, ಆ ಜಿಲ್ಲೆಯ ಘಟಕಕ್ಕೆ ಪತ್ರ ಹೋಗದ ಹೊರತು ಕಡತ ಇಲ್ಲಿ, ಮಗು ಅಲ್ಲಿ. ಮೊದಲ 24 ಗಂಟೆಗಳ ಬಗ್ಗೆ ಕಾನೂನಿನಲ್ಲಿ ಇರುವ ಎಚ್ಚರ ಆಮೇಲಿನ ತಿಂಗಳುಗಳ ಬಗ್ಗೆ ಕಚೇರಿಗಳಲ್ಲಿ ಇಲ್ಲವೆಂಬುದು ನನ್ನ ದೂರು. ಗ್ರಾಮ ಪಂಚಾಯತುಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಶೌಚಾಲಯ, ಆಟದ ಮೈದಾನ, ಬಸ್ಸಿನ ಬಗ್ಗೆ ಧೈರ್ಯವಾಗಿ ಕೇಳುತ್ತಾರೆ. ವಲಸೆ ಕುಟುಂಬಗಳ ಮಕ್ಕಳು ಅಲ್ಲಿ ಕಾಣಿಸುವುದು ಅಪರೂಪ.

ತಾವು ಈ ಊರಿಗೆ ಬಂದು ನೆಲೆಸುವವರಾದ್ದರಿಂದ ಇನ್ನೊಂದು ಮಾತು. ಒಂಟಿಯಾಗಿ ಸಿಕ್ಕಿದ ಮಗುವಿನ ಫೋಟೋವನ್ನು ವಾಟ್ಸಾಪ್ ಗುಂಪುಗಳಲ್ಲಿ ಹರಿಯಬಿಡುವುದು ಕರಾವಳಿಯಲ್ಲಿ ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತದೆ. ಆದರೆ ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ಬಹಿರಂಗಪಡಿಸಿದರೆ 6 ತಿಂಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆ ಮಗುವನ್ನು ಹುಡುಕುತ್ತಿರುವವರು ತಂದೆತಾಯಿಯೇ ಆಗಿರಬೇಕೆಂದೂ ಇಲ್ಲ. ಫೋಟೋ ತೆಗೆಯುವ ಬದಲು 1098ಕ್ಕೆ ಕರೆ ಮಾಡಿ, ಯಾರಾದರೂ ಬರುವವರೆಗೆ ಮಗುವಿನ ಜೊತೆಯಲ್ಲೇ ಇರಿ.