ಮಡಿಕೇರಿಯಿಂದ ಗೃಹಪ್ರವೇಶಕ್ಕೆ ಏನು ಒಯ್ಯಲಿ?

ಗೆಳತಿಯ ಗೃಹಪ್ರವೇಶಕ್ಕೆ ಮಡಿಕೇರಿಯಿಂದ ಏನಾದರೂ ಒಯ್ಯಬೇಕು, ದುಡ್ಡು ಸಣ್ಣ ವ್ಯಾಪಾರಿಗಳಿಗೇ ಸೇರಬೇಕು ಅಂತ ಕೇಳಿದ್ದೀರಿ. ಶುಕ್ರವಾರ ಇಲ್ಲಿದ್ದರೆ ನೇರ ಸಂತೆಗೆ ಹೋಗಿ. ಬಿದಿರಿನ ಬುಟ್ಟಿ ಸಿಕ್ಕರೆ ತಿರುಗಿಸಿ ತಳ ನೋಡಿ, ಅಂಚನ್ನು ಬೆರಳಿಂದ ಸವರಿ. ಸಿಬಿರು ಚುಚ್ಚದಿದ್ದರೆ ತಗೊಳ್ಳಿ. ಚೌಕಾಸಿ ಜಾಸ್ತಿ ಬೇಡ, ಹೆಣೆದ ಕೈಗೂ ಕೂಲಿ ಬೇಕಲ್ವಾ? ಅದರೊಳಗೆ ಒಂದು ಬಾಟಲಿ ಕಾಚಂಪುಳಿ ಇಡಿ. ಪಣಪುಳಿ ಹಣ್ಣಿನ ರಸ ಕುದಿಸಿ ಇಳಿಸಿದ ಕಪ್ಪು ಹುಳಿ ಅದು, ಪಂದಿ ಕರಿಗೆ, ಅಂದರೆ ಕೊಡವರ ಹಂದಿಮಾಂಸದ ಸಾರಿಗೆ, ಒಂದೆರಡು ಚಮಚ ಸಾಕು. ಗೆಳತಿ ಸಸ್ಯಾಹಾರಿಯಾದರೆ ಕಾಫಿಪುಡಿ. ಕೂರ್ಗ್ ಅರೇಬಿಕಾಗೆ 2019ರಲ್ಲೇ ಜಿಐ, ಅಂದರೆ ಆ ಊರಿನದೇ ಬೆಳೆ ಅನ್ನೋ ಭೌಗೋಳಿಕ ಗುರುತು, ಸಿಕ್ಕಿದೆ. ಪ್ಯಾಕೆಟ್ ಮೇಲೆ ತೋಟದ ಹೆಸರು, ಹುರಿದ ದಿನಾಂಕ ನೋಡಿ. ನಾನೊಮ್ಮೆ ಹೆದ್ದಾರಿ ಪಕ್ಕದ ಅಂಗಡಿಯಿಂದ 'ಕೊಡಗಿನ ಜೇನು' ತಂದೆ. ಮನೆಗೆ ಬಂದು ಲೇಬಲ್ ಓದಿದರೆ ಬೇರೆ ರಾಜ್ಯದ ವಿಳಾಸ!