ಪಾಪ್ ಸಿಂಗಲ್ (ಬಿಡಿಯಾಗಿ ಹೊರತರುವ ಹಾಡು) ಒಂದರ ಬಿಡುಗಡೆಯ ದಿನಾಂಕ ಖಚಿತಪಡಿಸಿಕೊಳ್ಳುವುದು ಹೇಗೆ?

ಮೊದಲು ‘ಯಾವ ದೇಶದಲ್ಲಿ?’ ಎಂದು ಕೇಳಿಕೊಳ್ಳಿ. ಬೀಟಲ್ಸ್ ತಂಡದ ‘ಲವ್ ಮಿ ಡೂ’ ಬ್ರಿಟನ್ನಿನಲ್ಲಿ ಬಂದದ್ದು 1962ರ ಅಕ್ಟೋಬರ್ 5ರಂದು, ಅಮೆರಿಕದಲ್ಲಿ 1964ರ ಏಪ್ರಿಲ್ 27ರಂದು. ಎರಡೂ ಸರಿ.

ಸ್ಟ್ರೀಮಿಂಗ್ ಆ್ಯಪ್ ತೋರಿಸುವ ದಿನಾಂಕವೊಂದನ್ನೇ ನಂಬಬೇಡಿ. ಹಳೆಯ ಹಾಡಾದರೆ ಅದು ಎಷ್ಟೋ ಸಲ ಆಲ್ಬಮ್‌ನದೋ ರೀಮಾಸ್ಟರ್‌ನದೋ (ಧ್ವನಿ ತಿದ್ದಿ ಮತ್ತೆ ಹೊರತಂದ ಆವೃತ್ತಿ) ಆಗಿರುತ್ತದೆ. ಐಎಸ್‌ಆರ್‌ಸಿ ಸಂಕೇತದ (ಪ್ರತಿ ಧ್ವನಿಮುದ್ರಣಕ್ಕೂ ಕೊಡುವ ಅಂತರರಾಷ್ಟ್ರೀಯ ಗುರುತು) 12 ಅಕ್ಷರ-ಅಂಕಿಗಳಲ್ಲಿ 6 ಮತ್ತು 7ನೆಯವು ವರ್ಷವನ್ನು ಹೇಳುತ್ತವೆ ನಿಜ, ಆದರೆ ಅದು ಸಂಕೇತ ಕೊಟ್ಟ ವರ್ಷ, ಹಾಡು ಬಂದ ವರ್ಷವಲ್ಲ.

ಗಟ್ಟಿ ಪುರಾವೆ ಸಿಗುವುದು ಆ ಕಾಲದ ಸಂಗೀತ ಪತ್ರಿಕೆಗಳಲ್ಲೇ. ‘ಬಿಲ್‌ಬೋರ್ಡ್’, ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಹಳೆಯ ಸಂಚಿಕೆಗಳಲ್ಲಿ ಕಂಪನಿಯ ಜಾಹೀರಾತು, ವಿಮರ್ಶೆ ಹುಡುಕಿ. ಆಮೇಲೆ ರೆಕಾರ್ಡಿನ ಲೇಬಲ್ ಮೇಲಿನ ಕ್ಯಾಟಲಾಗ್ ಸಂಖ್ಯೆಯನ್ನು ಡಿಸ್ಕಾಗ್ಸ್ ಎಂಬ ರೆಕಾರ್ಡ್ ಮಾಹಿತಿ ಜಾಲತಾಣದಲ್ಲಿ ತಾಳೆ ನೋಡಿ. ಸಂಖ್ಯೆಯೊಂದೇ ಸಾಲದು: ಪಾರ್ಲೋಫೋನ್ ಕಂಪನಿಯ ಆರ್ 4949 ಎಂಬ ಅದೇ ಸಂಖ್ಯೆಯಲ್ಲಿ ‘ಲವ್ ಮಿ ಡೂ’ 1982ರಲ್ಲಿ ಮತ್ತೆ ಬಿಡುಗಡೆಯಾಯಿತು.

ವಾರದ ಯಾವ ದಿನ ಎಂಬುದನ್ನೂ ಲೆಕ್ಕ ಹಾಕಿ. 2015ರ ಜುಲೈ 10ರಿಂದ ಹೊಸ ಹಾಡುಗಳಿಗೆ ಜಗತ್ತಿನಾದ್ಯಂತ ಶುಕ್ರವಾರ ವಾಡಿಕೆ. 2016ರ ಸಿಂಗಲ್‌ಗೆ ಸಿಕ್ಕ ದಿನಾಂಕ ಬುಧವಾರ ಬಂದರೆ ತಪ್ಪೆಂದೇನಲ್ಲ, ಇನ್ನೊಂದು ಪುರಾವೆ ಬೇಕು.